ಬಾವಿ ಮುಚ್ಚಿದವರಿಗೆ ಚಪ್ಪಾಳೆಯೇ?



ಕೆಲವು ತಿಂಗಳುಗಳ ಹಿಂದೆ ವಿಜಯಪುರದ ಒಂದು ಸಭೆಯಲ್ಲಿ ನಮ್ಮ ನಗರದ ಇತಿಹಾಸವನ್ನು ಕುರಿತು ಉಪನ್ಯಾಸವೊಂದು ನಡೆಯಿತು. ವಿದ್ವಾಂಸರಾದ ಉಪನ್ಯಾಸಕರು ಆದಿಲ್‌ಶಾಹಿ ಕಾಲದ ಕೋಟೆ, ಬುರುಜು, ತೋಪುಗಳನ್ನು ವರ್ಣಿಸುತ್ತ, ಮೊಗಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಹನು ದಂಡೆತ್ತಿ ಬಂದ ಪ್ರಸಂಗಕ್ಕೆ ಬಂದರು. ಎರಡನೆಯ ಅಲಿ ಆದಿಲ್‌ಶಾಹನು ನಗರದ ಸುತ್ತಲಿನ ಕೆರೆಗಳನ್ನು ಬರಿದು ಮಾಡಿಸಿ, ಬಾವಿಗಳನ್ನು ಮಣ್ಣಿನಿಂದ ತುಂಬಿಸಿ, ಗಿಡಮರಗಳನ್ನು ಕಡಿಸಿ, ವೈರಿಗೆ ಒಂದು ಗುಟುಕು ನೀರೂ ಸಿಗದಂತೆ ಮಾಡಿದ ಬಗೆಯನ್ನು ಹೇಳಿ, "ಇದಲ್ಲವೇ ಚಾಣಾಕ್ಷತನ!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಭೆಯಲ್ಲಿ ನಮ್ಮವರು ಅನೇಕರಿದ್ದರು. ನೀರನ್ನು ಸೋಸದೆ ಕುಡಿಯದವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು. ಅವರೂ ತಟ್ಟಿದರು. ನಾನೂ ತಟ್ಟಿದೆ. ಈ ಲೇಖನವು ಮೊದಲು ನನ್ನ ಆ ಎರಡು ಕೈಗಳ ಮೇಲಿನ ಆಪಾದನೆ. ಅನಂತರ ನಿಮ್ಮ ಕೈಗಳ ಮೇಲಿನದು.

ಸಭೆ ಮುಗಿಸಿ ತೊರವಿಯನ್ನು ದಾಟಿ ತಿಕೋಟಾ ದಾರಿಯಲ್ಲಿ ಊರಿಗೆ ಮರಳುವಾಗ ದಾರಿಯ ಎರಡೂ ಬದಿಗೆ ಹಿಂಗಾರಿ ಜೋಳ ನಿಂತಿತ್ತು. ತುಂಬಿಸಿದ ಆ ಬಾವಿಗಳು ಇದೇ ಮಣ್ಣಿನವು ಎಂಬ ಅರಿವು ಆಗ ಹುಟ್ಟಿತು. ಆ ಬಾವಿಗಳನ್ನು ತೋಡಿದವರು ಯಾರು? ಮುಚ್ಚಿದ ಮರುದಿನ ಅವರು ಎಲ್ಲಿಂದ ನೀರು ತಂದರು? ಚಪ್ಪಾಳೆ ತಟ್ಟುವಾಗ ಈ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

ನಡೆದದ್ದು ಏನು?

ಮೊದಲು ಸಂಗತಿಗಳನ್ನು ಕ್ರಮವಾಗಿ ನೋಡೋಣ. ಯದುನಾಥ ಸರ್ಕಾರರು ಮೊದಲಾದ ಇತಿಹಾಸಕಾರರು ಇವನ್ನು ವಿಸ್ತಾರವಾಗಿ ಬರೆದಿದ್ದಾರೆ. ಇಲ್ಲಿ ಕೊಡುವ ದಿನಾಂಕಗಳು ಹಳೆಯ ಗಣನೆಯವು. ಇಂದಿನ ಗಣನೆಗೆ ಹತ್ತು ದಿನಗಳನ್ನು ಕೂಡಿಸಿಕೊಳ್ಳಬೇಕು.

1665ರ ಜೂನ್‌ನಲ್ಲಿ ಪುರಂದರದ ಒಪ್ಪಂದವಾಯಿತು. ಶಿವಾಜಿ ಮಹಾರಾಜರು 23 ಕೋಟೆಗಳನ್ನು ಮೊಗಲರಿಗೆ ಒಪ್ಪಿಸಿ, ಬಿಜಾಪುರದ ಮೇಲಿನ ದಂಡಯಾತ್ರೆಯಲ್ಲಿ ಜಯಸಿಂಹನ ಜೊತೆಗೂಡಬೇಕಾಯಿತು. ನವೆಂಬರ್ 20ರಂದು ಆ ಮಹಾಸೇನೆ ಪುರಂದರದಿಂದ ಹೊರಟಿತು. ಡಿಸೆಂಬರ್ ನಡುವಿನಲ್ಲಿ ಮಂಗಳವೇಢೆ ಅದರ ವಶವಾಯಿತು. ಡಿಸೆಂಬರ್ 25ರಂದು ಒಂದು ಕಾಳಗ, 28ರಂದು ಇನ್ನೊಂದು. 29ರಂದು ಜಯಸಿಂಹನು ಬಿಜಾಪುರದ ಕೋಟೆಗೆ ಹತ್ತು ಹನ್ನೆರಡು ಮೈಲಿಗಳಷ್ಟು ಸಮೀಪಕ್ಕೆ ಬಂದು ನಿಂತನು. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. 1666ರ ಜನವರಿ 5ರಂದು ಹಿಂದಿರುಗಿದನು.

ಹಿಂದಿರುಗಲು ಕಾರಣವೆಂದು ಎಲ್ಲರೂ ಹೇಳುವುದು ಇದು: ಕೋಟೆಯ ಸುತ್ತ ಆರು ಮೈಲಿ ಅಂತರದವರೆಗೆ ನಾಡನ್ನು ಅರಸನೇ ಹಾಳುಗೆಡಹಿದ್ದನು. ನವರಸಪುರ ಮತ್ತು ಶಾಹಾಪುರದ ದೊಡ್ಡ ಕೆರೆಗಳ ನೀರನ್ನು ಹರಿಯಬಿಟ್ಟಿದ್ದರು. ಬಾವಿಗಳಿಗೆ ಮಣ್ಣು ತುಂಬಿದ್ದರು. ನೆರಳು ಕೊಡುವ ಮರವೊಂದನ್ನೂ ಉಳಿಸಿರಲಿಲ್ಲ. ಕೋಟೆಯ ಹೊರಗಿನ ಮನೆ, ತೋಟಗಳನ್ನು ಕೆಡವಿ ನೆಲಸಮ ಮಾಡಿದ್ದರು.

ಆರು ಮೈಲಿ ಎಂದರೆ ಕೇಳಲು ಅಲ್ಪ. ಕೋಟೆಯನ್ನು ನಡುವಿಟ್ಟು ಅಷ್ಟು ದೂರದ ವೃತ್ತವನ್ನು ಎಳೆದರೆ ಅದರೊಳಗೆ ಹತ್ತಿರ ಹತ್ತಿರ 300 ಚದರ ಕಿಲೋಮೀಟರು, ಅಂದರೆ 70 ಸಾವಿರ ಎಕರೆಗೂ ಮಿಕ್ಕ ನೆಲ ಬರುತ್ತದೆ. ತೊರವಿ ಅದರೊಳಗಿದೆ. ತಿಕೋಟಾ, ಬಬಲೇಶ್ವರಗಳು ಅದರಿಂದ ಹೊರಗಿವೆ. ಹೊರಗಿದ್ದವು ಉಳಿದವು ಎಂದು ಭಾವಿಸಬೇಡಿ. ನೀರಿಲ್ಲದ ಹಳ್ಳಿಯ ಜನ ಮತ್ತು ದನ ನೀರಿರುವ ಹಳ್ಳಿಯ ಕಡೆಗೇ ನಡೆಯಬೇಕಲ್ಲವೇ? ಒಂದು ಊರಿನ ಬಾವಿಯನ್ನು ಮುಚ್ಚಿದರೆ ನೆರೆಯೂರಿನ ಬಾವಿ ಅರ್ಧ ಬತ್ತುತ್ತದೆ. ಇದನ್ನು ಬರಗಾಲ ಕಂಡ ನಮ್ಮ ಸೀಮೆಯ ಮುದುಕಿಯರಿಗೆ ಯಾವ ಇತಿಹಾಸಕಾರನೂ ಹೇಳಿಕೊಡಬೇಕಾಗಿಲ್ಲ.

ಏಳು ದಿನ ಮತ್ತು ಐದು ತಿಂಗಳು

ಈಗ ಕಾಲದ ಲೆಕ್ಕವನ್ನು ನೋಡಿರಿ. ಸಭೆಯಲ್ಲಿ ಯಾರೂ ಮಾಡದ ಲೆಕ್ಕವಿದು.

ಜಯಸಿಂಹನು ಕೋಟೆಯ ಸಮೀಪದಲ್ಲಿ ತಂಗಿದ್ದುದು ಡಿಸೆಂಬರ್ 29ರಿಂದ ಜನವರಿ 5ರವರೆಗೆ, ಏಳು ದಿನ. ಅವನು ಹೋದನು, ಅವನ ಕುದುರೆಗಳು ಭೀಮೆಯ ದಂಡೆಯಲ್ಲಿ ನೀರು ಕುಡಿದವು. ಆದರೆ ಒಡೆದ ಕೆರೆ ಅವನು ಹೋದ ಮರುದಿನ ತುಂಬುವುದಿಲ್ಲ. ನಮ್ಮದು ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆಯ ಸೀಮೆ. ಹಿಂಗಾರು ಮುಗಿದ ಮೇಲೆ ಮುಂಗಾರಿನವರೆಗೆ ಆಕಾಶವನ್ನು ನಂಬುವಂತಿಲ್ಲ. ಪುಷ್ಯ, ಮಾಘ, ಫಾಲ್ಗುಣ, ಚೈತ್ರ, ವೈಶಾಖ. ಜನವರಿಯಲ್ಲಿ ಬರಿದಾದ ಕೆರೆ ಜೂನ್‌ವರೆಗೆ ಬರಿದೇ. ವೈರಿಯು ಬಾಯಾರಿದ್ದು ಏಳು ದಿನ. ಒಕ್ಕಲು ಮಕ್ಕಳು ಬಾಯಾರಿದ್ದು ಐದು ತಿಂಗಳು. ಯಾವ ಅಸ್ತ್ರವು ಎಸೆದ ಕಡೆಗಿಂತ ಎಸೆದವನ ಮನೆಯಲ್ಲಿಯೇ ಇಪ್ಪತ್ತು ಪಾಲು ಹೆಚ್ಚು ಗಾಯ ಮಾಡುವುದೋ, ಅದನ್ನು ಚಾಣಾಕ್ಷತನವೆನ್ನಬಹುದೇ?

ಇನ್ನೊಂದು ಸಂಗತಿಯಿದೆ. ಚಂದ್ರನ ಗತಿಯನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಆ ವರ್ಷದ ಮಾರ್ಗಶಿರ ಬಹುಳ ಅಮಾವಾಸ್ಯೆ ಡಿಸೆಂಬರ್ 26ರ ಸುಮಾರಿಗೆ ಬೀಳುತ್ತದೆ. ಅಂದರೆ 25ರ ಮತ್ತು 28ರ ಎರಡು ಕಾಳಗಗಳ ನಡುವೆ. ಅದು ಯಾವ ದಿನವೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅದು ನಮ್ಮ ಎಳ್ಳಮಾವಾಸ್ಯೆ. ಇಂದು ಆ ದಿನ ತಿಕೋಟಾದಿಂದ ಬಬಲೇಶ್ವರದವರೆಗೆ ಮನೆಯಲ್ಲಿ ಜನ ನಿಲ್ಲುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೆನೆ ಕಟ್ಟುತ್ತಿರುವ ಜೋಳದ ನಡುವೆ ಚರಗ ಚೆಲ್ಲಿ, ಭೂತಾಯಿಗೆ ಉಣಿಸಿ, ತಾವು ಉಣ್ಣುತ್ತಾರೆ. ಅಂದಿನ ಅಮಾವಾಸ್ಯೆಯಂದು ಅದೇ ಭೂತಾಯಿಯ ಬಾಯಿಗೆ ಅವಳ ಮಕ್ಕಳ ಕೈಯಿಂದಲೇ ಮಣ್ಣು ಹಾಕಿಸಿದ್ದರು. ಬಾವಿ ತುಂಬುವ ಕೆಲಸಕ್ಕೆ ಗುದ್ದಲಿ ಹಿಡಿದವರು ಅರಮನೆಯವರಾಗಿರಲಾರರು.

ಅದೇ ತಿಂಗಳಿನ ಜಗತ್ತು

ಆ ಒಂದು ತಿಂಗಳಲ್ಲಿ ಜಗತ್ತಿನಲ್ಲಿ ಬೇರೆ ಏನು ನಡೆಯುತ್ತಿತ್ತೆಂಬುದನ್ನೂ ಒಮ್ಮೆ ನೋಡೋಣ. ನಮ್ಮ ನೋವು ಒಂಟಿಯಾದುದಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಡಚ್ಚರು ಸಮುದ್ರ ವ್ಯಾಪಾರಕ್ಕಾಗಿ ಹೊಡೆದಾಡುತ್ತಿದ್ದರು. 1666ರ ಜನವರಿಯಲ್ಲಿ ಫ್ರಾನ್ಸ್ ಡಚ್ಚರ ಪಕ್ಷ ವಹಿಸಿ ಆ ಯುದ್ಧಕ್ಕೆ ಇಳಿಯಿತು. ಲಂಡನ್ ನಗರದಲ್ಲಿ ಪ್ಲೇಗು ಆಗತಾನೆ ಇಳಿಮುಖವಾಗಿತ್ತು. 1665ನೆಯ ವರ್ಷವೊಂದರಲ್ಲಿಯೇ ಅಲ್ಲಿ ಅಧಿಕೃತ ಲೆಕ್ಕಕ್ಕೆ ಸಿಕ್ಕ ಪ್ಲೇಗಿನ ಸಾವುಗಳು 68 ಸಾವಿರಕ್ಕೂ ಮೇಲು. ಮನೆಯಲ್ಲಿ ಸಾವಿರಾರು ಹೆಣ ಬಿದ್ದಿದ್ದರೂ ಅರಸರು ಹಡಗುಗಳನ್ನು ಸಜ್ಜುಗೊಳಿಸುವುದನ್ನು ನಿಲ್ಲಿಸಲಿಲ್ಲ. ನಮ್ಮ ಪೂರ್ವ ದಿಕ್ಕಿನಲ್ಲಿ ಬಂಗಾಳದ ಸುಬೇದಾರ ಶಾಯಿಸ್ತಾ ಖಾನನ ಸೇನೆ ಜನವರಿಯ ಕೊನೆಯಲ್ಲಿ ಅರಾಕಾನದವರಿಂದ ಚಿತ್ತಗಾಂಗನ್ನು ಗೆದ್ದುಕೊಂಡಿತು. ಪಶ್ಚಿಮದಲ್ಲಿ ಶಿವಾಜಿ ಮಹಾರಾಜರು ಮೊಗಲರ ಪರವಾಗಿ ಪನ್ಹಾಳಗಡದ ಮೇಲೆ ಜನವರಿ 16ರಂದು ಮಾಡಿದ ದಾಳಿ ವಿಫಲವಾಗಿ, ಬಹಳ ಜನ ಮಡಿದರು.

ಆಗ್ರಾದಲ್ಲಿ ಜನವರಿ 22ರಂದು ಬಾದಶಹ ಶಾಹಜಹಾನನು ಮಗನ ಬಂದಿಯಾಗಿಯೇ ಪ್ರಾಣ ಬಿಟ್ಟನು. ಅವನು ಬಂದಿಯಾದದ್ದು ಹೇಗೆ? 1658ರ ಜೂನ್ ತಿಂಗಳಿನ ಉರಿಬಿಸಿಲಿನಲ್ಲಿ ಔರಂಗಜೇಬನ ಜನರು ಆಗ್ರಾ ಕೋಟೆಗೆ ಯಮುನೆಯ ನೀರು ಬರುವ ಬಾಗಿಲನ್ನು ಹಿಡಿದರು. ಕೋಟೆಯೊಳಗಿನ ಬಾವಿಗಳ ನೀರು ಸವುಳು. ಕೆಲವೇ ದಿನಗಳಲ್ಲಿ ತಾಜಮಹಲನ್ನು ಕಟ್ಟಿಸಿದ ಬಾದಶಹನು ಬಾಯಾರಿ ಕೋಟೆಯ ಬಾಗಿಲು ತೆರೆದನು. ತಂದೆಗೆ ನೀರು ನಿಲ್ಲಿಸಿ ಪಟ್ಟವೇರಿದವನು ಕಳುಹಿಸಿದ ಸೇನೆಯನ್ನೇ ಬಿಜಾಪುರದ ಅರಸನು ಪ್ರಜೆಗಳಿಗೆ ನೀರು ನಿಲ್ಲಿಸಿ ಎದುರಿಸಿದನು. ಎರಡೂ ಕಡೆಯ ಬತ್ತಳಿಕೆಯಲ್ಲಿದ್ದ ಬಾಣ ಒಂದೇ. ನಾವು ಒಂದನ್ನು ಪಿತೃದ್ರೋಹವೆನ್ನುತ್ತೇವೆ, ಇನ್ನೊಂದನ್ನು ರಣತಂತ್ರವೆನ್ನುತ್ತೇವೆ.

ಇದನ್ನು ಮತಗಳ ಕಾಳಗವೆಂದು ಬಣ್ಣಿಸುವವರಿಗೂ ಒಂದು ಮಾತು. ಆಕ್ರಮಣದ ಸೇನಾಪತಿ ರಜಪೂತ ಹಿಂದೂ. ಅವನ ಒಡೆಯ ಮುಸಲ್ಮಾನ. ಆಕ್ರಮಣಕ್ಕೆ ಒಳಗಾದ ಅರಸನೂ ಮುಸಲ್ಮಾನ. ಜಯಸಿಂಹನ ಕಡೆ ಶಿವಾಜಿ ಮಹಾರಾಜರಿದ್ದರೆ, ಬಿಜಾಪುರದ ಕಡೆ ಅವರ ಮಲತಮ್ಮ ವ್ಯಂಕೋಜಿ ಇದ್ದನು. ಕೋಟೆಯನ್ನು ಕಾಯಲು ಕರ್ನಾಟಕದಿಂದ ಬಂದ ಕಾಲಾಳುಗಳು ಮೂವತ್ತು ಸಾವಿರ. ಎಲ್ಲ ಮತದವರೂ ಎರಡೂ ಕಡೆ ಇದ್ದರು. ಬಾವಿಗಳು ಮಾತ್ರ ಯಾವ ಕಡೆಯೂ ಇರಲಿಲ್ಲ.

"ಬೇರೆ ದಾರಿ ಇರಲಿಲ್ಲ" ಎಂಬ ವಾದ

ಉಪನ್ಯಾಸ ಮುಗಿದ ಕೆಲವು ದಿನಗಳ ಮೇಲೆ ಆ ವಿದ್ವಾಂಸರನ್ನು ಕಂಡು ನನ್ನ ಸಂಕಟವನ್ನು ಹೇಳಿಕೊಂಡೆ. ಅವರು ಸೌಜನ್ಯದಿಂದಲೇ ಕೇಳಿದರು: "ರಾಯರೇ, ಬಾವಿ ಮುಚ್ಚಿಸದಿದ್ದರೆ ನಗರವೇ ಲೂಟಿಯಾಗುತ್ತಿತ್ತು. ಲಕ್ಷ ಜನರ ಪ್ರಾಣ ದೊಡ್ಡದೋ, ನಾಲ್ಕು ಬಾವಿಗಳು ದೊಡ್ಡವೋ? ಆ ಅರಸನ ಜಾಗದಲ್ಲಿ ತಾವು ಇದ್ದಿದ್ದರೆ ಏನು ಮಾಡುತ್ತಿದ್ದಿರಿ?"

ಈ ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು ಇತಿಹಾಸದ ಉತ್ತರ. ಬಾವಿ ಮುಚ್ಚಿದ್ದರಿಂದಲೇ ನಗರ ಉಳಿಯಿತು ಎಂಬುದು ಸಿದ್ಧವಾದ ಮಾತಲ್ಲ. ಹಣ ಮತ್ತು ಆಮಿಷಗಳಿಂದಲೇ ಕೋಟೆ ಕೈವಶವಾಗುವುದೆಂದು ನಂಬಿದ ಜಯಸಿಂಹನು ಮುತ್ತಿಗೆಯ ದೊಡ್ಡ ತೋಪುಗಳನ್ನು ಪರಂಡಾದಲ್ಲಿಯೇ ಬಿಟ್ಟು ಬಂದಿದ್ದನು. ಕೋಟೆಯೊಳಗೆ ಮೂವತ್ತು ಸಾವಿರ ಹೊಸ ಕಾಲಾಳುಗಳಿದ್ದರು. ಗೋಲ್ಕೊಂಡದ ಸಹಾಯ ಬರುತ್ತಲಿತ್ತು. ಬಿಜಾಪುರದ ಇನ್ನೊಂದು ಪಡೆ ಮೊಗಲರ ಸೀಮೆಗೆ ನುಗ್ಗಿ ಅಲ್ಲಿನ ಹಳ್ಳಿಗಳನ್ನು ಹಾಳು ಮಾಡುತ್ತಿತ್ತು. ತೋಪಿಲ್ಲದೆ ಬಂದವನು ಬಾವಿ ತುಂಬಿದ್ದರೂ ಎಷ್ಟು ದಿನ ಕೋಟೆಯ ಮುಂದೆ ನಿಲ್ಲುತ್ತಿದ್ದನು? ಗೆಲುವಿನ ಕಾರಣಗಳು ಐದಾರು ಇದ್ದಾಗ ಅವುಗಳಲ್ಲಿ ಅತ್ಯಂತ ಕ್ರೂರವಾದುದನ್ನೇ ಆರಿಸಿ ಹೊಗಳುವುದು ನಮ್ಮ ಮನಸ್ಸಿನ ದೋಷ.

ಅಲ್ಲದೆ ಉಳಿದದ್ದು ಎಷ್ಟು ಕಾಲ? 1686ರ ಸೆಪ್ಟೆಂಬರ್ 12ರಂದು, ಇಪ್ಪತ್ತೊಂದು ವರ್ಷವೂ ತುಂಬುವ ಮೊದಲು, ಅದೇ ಕೋಟೆ ಔರಂಗಜೇಬನಿಗೆ ಶರಣಾಯಿತು. ಒಂದು ವರ್ಷಕ್ಕೂ ಮೀರಿದ ಆ ಮುತ್ತಿಗೆಯಲ್ಲಿ ಒಳಗೂ ಹೊರಗೂ ಕ್ಷಾಮ. ಅದರ ಬೆನ್ನಿಗೆ ಎರಡು ವರ್ಷಗಳಲ್ಲಿ ಪ್ಲೇಗು. ಬಾವಿ ಮುಚ್ಚಿಸಿದ ಅರಸನು 1672ರಲ್ಲಿಯೇ ತೀರಿಕೊಂಡಿದ್ದನು. ಅವನ ಗೋರಿ ಪೂರ್ಣಗೊಳ್ಳದ ಬಾರಾ ಕಮಾನಾಗಿ ಇಂದಿಗೂ ಬಿಸಿಲಿನಲ್ಲಿ ನಿಂತಿದೆ. ಸೋತ ಜಯಸಿಂಹನು 1667ರಲ್ಲಿ ಬುರ್ಹಾನಪುರದಲ್ಲಿ ಸತ್ತನು. ಗೆದ್ದವರು ಯಾರು, ಹೇಳಿರಿ!

ಎರಡನೆಯದು ನ್ಯಾಯದ ಉತ್ತರ. ಒಬ್ಬನು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ತನ್ನದನ್ನು ಕಳೆದುಕೊಂಡರೆ ಅದು ತ್ಯಾಗ. ತನ್ನ ಪ್ರಾಣಕ್ಕಾಗಿ ಇನ್ನೊಬ್ಬನ ಪ್ರಾಣಾಧಾರವನ್ನು ಕಿತ್ತರೆ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಕೋಟೆಯೊಳಗೆ ತಾಜ್ ಬಾವಡಿ ಇತ್ತು, ಚಾಂದ್ ಬಾವಡಿ ಇತ್ತು. ಅವುಗಳಿಗೆ ಯಾರೂ ಮಣ್ಣು ಹಾಕಲಿಲ್ಲ. ಮಣ್ಣು ಬಿದ್ದದ್ದು ಗೋಡೆಯ ಹೊರಗಿನವರ ಬಾವಿಗಳಿಗೆ. ಗೋಡೆಯ ಒಳಗಿದ್ದವರು ಉಳಿದರು, ಗೋಡೆಯ ಹೊರಗಿದ್ದವರು ಬೆಲೆ ತೆತ್ತರು. "ಲಕ್ಷ ಜನ ದೊಡ್ಡವರೋ, ನಾಲ್ಕು ಬಾವಿ ದೊಡ್ಡವೋ" ಎಂದು ತಕ್ಕಡಿ ಹಿಡಿಯುವವನು ಯಾವಾಗಲೂ ಗೋಡೆಯ ಒಳಗೇ ನಿಂತಿರುತ್ತಾನೆ.

ಮೂರನೆಯದು ಧರ್ಮದ ಉತ್ತರ. ಅದಕ್ಕೆ ತುಸು ವಿಸ್ತಾರ ಬೇಕು.

ವಿರೋಧೀ ಹಿಂಸೆಯ ಮರೆಯಲ್ಲಿ

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಉಳಿದ ಮೂರರಲ್ಲಿ ಎಚ್ಚರದಿಂದಿರಬೇಕು. ಆಕ್ರಮಿಸಿದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ಗೃಹಸ್ಥನಿಗೂ ರಾಜನಿಗೂ ಅನಿವಾರ್ಯವಾಗಬಹುದೆಂದು ಶಾಸ್ತ್ರವು ಒಪ್ಪುತ್ತದೆ. ನಮ್ಮಲ್ಲಿಯೂ ಚಾವುಂಡರಾಯನಂಥ ದಂಡನಾಯಕರು ಆಗಿಹೋಗಿದ್ದಾರೆ. ಇದನ್ನು ಮುಚ್ಚಿಟ್ಟು ಮಾತನಾಡುವುದು ಸತ್ಯವ್ರತಕ್ಕೆ ಭಂಗ.

ಆದರೆ ಈ ವಿಂಗಡಣೆಯನ್ನು ನಾವು ಇಂದು ಹೇಗೆ ಬಳಸುತ್ತಿದ್ದೇವೆ? ದೇಶದ ಹೆಸರಿನಲ್ಲಿ ಏನು ನಡೆದರೂ ಅದನ್ನು ವಿರೋಧೀ ಹಿಂಸೆಯೆಂಬ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತೇವೆ. ವಿರೋಧೀ ಹಿಂಸೆಗೆ ಒಂದು ಗುರಿಯಿದೆ, ಅದು ವಿರೋಧಿ. ಶಸ್ತ್ರ ಹಿಡಿದು ಎದುರಿಗೆ ಬಂದವನ ಮೇಲಲ್ಲದೆ, ದೀನರ ಮೇಲೆ, ದುರ್ಬಲರ ಮೇಲೆ ಅರಸನು ಶಸ್ತ್ರವೆತ್ತಬಾರದೆಂಬ ವಿವೇಕವನ್ನು ಹತ್ತನೆಯ ಶತಮಾನದ ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಹೇಳಿದ್ದಾರೆ. ತೊರವಿಯ ಒಕ್ಕಲಿಗನು ಯಾರ ವಿರೋಧಿ? ಅವನ ಎತ್ತು ಯಾರ ಮೇಲೆ ದಂಡೆತ್ತಿ ಹೋಗಿತ್ತು?

ಇನ್ನೂ ಸ್ಪಷ್ಟವಾದ ಮಾತೊಂದು ನಮ್ಮ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಅಹಿಂಸಾಣುವ್ರತದ ಐದು ಅತಿಚಾರಗಳಾವುವು? ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರನ್ನು ತಡೆಯುವುದು. ಹೊತ್ತಿಗೆ ಸರಿಯಾಗಿ ಎತ್ತಿಗೆ ನೀರು ಕುಡಿಸದಿದ್ದರೂ ವ್ರತಕ್ಕೆ ಕಲೆ ತಗಲುವುದೆಂದು ಎಣಿಸಿದವರು ನಮ್ಮ ಹಿರಿಯರು. ಶ್ವೇತಾಂಬರ ಆಗಮದಲ್ಲಿ ಶ್ರಾವಕನು ಮಾಡಬಾರದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ಕೆರೆ, ಹೊಂಡ, ತಟಾಕಗಳನ್ನು ಬತ್ತಿಸುವ ಉದ್ಯೋಗವನ್ನು ಹೆಸರಿಟ್ಟು ನಿಷೇಧಿಸಿದೆ. ನೀರನ್ನೇ ಜೀವವೆಂದು ತಿಳಿದ ಧರ್ಮಕ್ಕೆ ಕೆರೆಯೊಡೆಯುವುದು ಬರಿಯ ಆಸ್ತಿಯ ನಷ್ಟವಲ್ಲ.

ಒಂದು ಎತ್ತಿಗೆ ಒಂದು ಹೊತ್ತು ನೀರು ತಪ್ಪಿಸಿದವನು ಮರುದಿನ ಬಸದಿಯಲ್ಲಿ ಆಲೋಚನೆ ಮಾಡುತ್ತಾನೆ. ಎಪ್ಪತ್ತು ಸಾವಿರ ಎಕರೆಗೆ ಐದು ತಿಂಗಳು ನೀರು ತಪ್ಪಿಸಿದವನಿಗೆ ಅದೇ ಮನುಷ್ಯನು ಸಂಜೆಯ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಾನೆ. ಇದು ಯಾವ ಅಹಿಂಸೆ? ಅಡಿಗೆಮನೆಯ ಹೊಸ್ತಿಲಿನಲ್ಲಿಯೇ ನಿಂತುಹೋದ ಅಹಿಂಸೆಯಿದು.

ಭರತ ಬಾಹುಬಲಿಯರ ಪ್ರಸಂಗವನ್ನು ನೆನೆಯಿರಿ. ಎರಡು ಸೇನೆಗಳ ಸಂಹಾರ ಬೇಡವೆಂದು ಮಂತ್ರಿಗಳು ಅಣ್ಣತಮ್ಮಂದಿರನ್ನೇ ಎದುರುಬದುರು ನಿಲ್ಲಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಅಲ್ಲಿಯೂ ನೀರಿನ ಯುದ್ಧವಿದೆ. ಆದರೆ ಅದು ಒಬ್ಬರ ಮೇಲೊಬ್ಬರು ನೀರೆರಚಿದ ಯುದ್ಧ, ನೀರು ಬತ್ತಿಸಿದ ಯುದ್ಧವಲ್ಲ. ಮೂರರಲ್ಲಿಯೂ ಗೆದ್ದವನೇ ಕೊನೆಗೆ ಗೆಲುವನ್ನು ಕಂಡು ನಾಚಿ, ರಾಜ್ಯವನ್ನು ಬಿಟ್ಟು ನಡೆದನು. ಶ್ರವಣಬೆಳಗೊಳದಲ್ಲಿ ನಾವು ಮಸ್ತಕಾಭಿಷೇಕ ಮಾಡುವುದು ಗೆದ್ದ ಬಾಹುಬಲಿಗೆ ಅಲ್ಲ, ನಾಚಿದ ಬಾಹುಬಲಿಗೆ.

ಮಣ್ಣು ಹಾಕುವ ಕೈಗಳು ನಿಂತಿಲ್ಲ

"ಮುನ್ನೂರೈವತ್ತು ವರ್ಷಗಳ ಹಿಂದಿನ ಮಾತಿಗೆ ಇಷ್ಟು ಆವೇಶವೇಕೆ?" ಎಂದು ಕೇಳಬಹುದು. ಆ ಕೈಗಳು ಇನ್ನೂ ಮಣ್ಣು ಹಾಕುತ್ತಲೇ ಇರುವುದರಿಂದ.

1938ರ ಜೂನ್‌ನಲ್ಲಿ ಜಪಾನೀಯರನ್ನು ತಡೆಯಲೆಂದು ಚೀನದ ಸರ್ಕಾರವು ಹ್ವಾಂಗ್ ಹೋ ನದಿಯ ಒಡ್ಡನ್ನು ತಾನೇ ಒಡೆಯಿತು. ಮುಳುಗಿ, ಹಸಿದು, ರೋಗಬಿದ್ದು ಸತ್ತವರು ಲಕ್ಷಗಟ್ಟಲೆ ಚೀನೀ ರೈತರು. ಯಾವ ವೂಹಾನ್ ನಗರವನ್ನು ಉಳಿಸಲು ಹೀಗೆ ಮಾಡಿದರೋ ಅದು ಅದೇ ಅಕ್ಟೋಬರ್‌ನಲ್ಲಿ ಜಪಾನೀಯರ ವಶವಾಯಿತು. 1942ರಲ್ಲಿ ಜಪಾನೀಯರು ಬಂದರೆ ಏನೂ ಸಿಗಬಾರದೆಂದು ಬ್ರಿಟಿಷ್ ಆಡಳಿತವು ಬಂಗಾಳದ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯನ್ನು ತೆಗೆಸಿತು. ಹತ್ತು ಮಂದಿಯನ್ನು ಹೊರಬಲ್ಲ ದೋಣಿಗಳನ್ನು ಸಾವಿರಗಟ್ಟಲೆಯಾಗಿ ಕಿತ್ತುಕೊಂಡಿತು, ನಾಶಮಾಡಿತು. ಜಪಾನೀ ಸೇನೆ ಆ ತೀರಕ್ಕೆ ಇಳಿಯಲೇ ಇಲ್ಲ. 1943ರಲ್ಲಿ ಬಂದದ್ದು ಕ್ಷಾಮ. ಅದಕ್ಕೆ ಕಾರಣಗಳು ಹಲವು. ಆದರೆ ದೋಣಿಯಿಲ್ಲದ ಬೆಸ್ತನ ಮನೆಯಲ್ಲಿ ಹಸಿವು ಮೊದಲು ಕಾಲಿಟ್ಟಿತು. 2023ರ ಜೂನ್ 6ರಂದು ಯುಕ್ರೇನಿನಲ್ಲಿ ರಷ್ಯದ ಸೇನೆಯ ವಶದಲ್ಲಿದ್ದ ಕಖೋವ್ಕಾ ಅಣೆಕಟ್ಟು ಒಡೆಯಿತು. ಕೆಳಗಿನ ಊರುಗಳು ಮುಳುಗಿದವು, ಮೇಲಿನ ಜಲಾಶಯ ಬತ್ತಿತು. ಸ್ಥಳ ಬೇರೆ, ಶತಮಾನ ಬೇರೆ. ಗೋಡೆಯ ಹೊರಗಿನವನು ಮಾತ್ರ ಅವನೇ.

ನಮ್ಮ ಮನೆಯ ಮಾತನ್ನೂ ಆಡಿಬಿಡುತ್ತೇನೆ. 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ ಭಯೋತ್ಪಾದಕರು 26 ಮಂದಿ ನಿರಪರಾಧಿಗಳನ್ನು ಕೊಂದರು. ಅದು ಶುದ್ಧ ಸಂಕಲ್ಪೀ ಹಿಂಸೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರುದಿನ ಭಾರತವು 1960ರ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯುವುದಾಗಿ ಘೋಷಿಸಿತು. ಸರ್ಕಾರದ ಆ ನಿರ್ಣಯದ ಕಾನೂನು, ರಾಜನೀತಿಗಳು ಬೇರೆ ಚರ್ಚೆ. ಅವನ್ನು ಬಲ್ಲವರು ಮಾಡಲಿ. ನಾನು ಹೇಳುವುದು ನಮ್ಮ ಓಣಿಯಲ್ಲಿ, ನಮ್ಮ ಮೊಬೈಲುಗಳಲ್ಲಿ ನಡೆದುದನ್ನು. "ಅವರ ಹೊಲಗಳು ಸುಡಲಿ, ಅವರ ಮಕ್ಕಳು ಬಾಯಾರಿ ಸಾಯಲಿ" ಎಂಬ ಸಂದೇಶಗಳು ಹರಿದಾಡಿದವು. ಪರ್ಯುಷಣದಲ್ಲಿ, ದಶಲಕ್ಷಣದಲ್ಲಿ ಕ್ಷಮಾವಾಣಿಯನ್ನು ಕಳುಹಿಸುವ ಬೆರಳುಗಳೇ ಅವನ್ನೂ ಕಳುಹಿಸಿದವು. ಕೊಲೆಗಡುಕರನ್ನು ಹಿಡಿಯಿರಿ ಎನ್ನುವುದು ವಿರೋಧ. ಕಂಡರಿಯದ ರೈತನ ಮಗು ಬಾಯಾರಲಿ ಎನ್ನುವುದು ಅನ್ನಪಾನನಿರೋಧದ ಅನುಮೋದನೆ. ಕೃತ, ಕಾರಿತ, ಅನುಮೋದಿತ ಮೂರೂ ಸಮಾನವೆಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚಪ್ಪಾಳೆ ಎಂದರೆ ಅನುಮೋದನೆಯೇ.

ಕಾನೂನು ಬಿಟ್ಟ ಬಾಗಿಲು

ಜಗತ್ತು ಈ ಪಾಪವನ್ನು ಕಾಣದೆ ಕುಳಿತಿಲ್ಲ. 1949ರ ಜಿನೀವಾ ಒಡಂಬಡಿಕೆಗಳಿಗೆ 1977ರಲ್ಲಿ ಸೇರಿಸಿದ ಮೊದಲನೆಯ ಪೂರಕ ಒಡಂಬಡಿಕೆಯ 54ನೆಯ ವಿಧಿಯು ಜನರ ಬೆಳೆ, ದನಕರು, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿಗಳನ್ನು ಯುದ್ಧದಲ್ಲಿ ನಾಶಮಾಡಬಾರದೆಂದು ಹೇಳುತ್ತದೆ. ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸಬಾರದೆಂದು ಹೇಳುತ್ತದೆ. ಭಾರತವು 1949ರ ಒಡಂಬಡಿಕೆಗಳಿಗೆ ಸೇರಿದೆ. 1977ರ ಈ ಪೂರಕ ಒಡಂಬಡಿಕೆಗೆ ಸೇರಿಲ್ಲ. ಅಹಿಂಸೆಯ ನಾಡೆಂದು ಎಲ್ಲ ವೇದಿಕೆಗಳಲ್ಲಿ ಹೇಳಿಕೊಳ್ಳುವ ನಾವು ಇದನ್ನು ಎಂದಾದರೂ ಕೇಳಿದ್ದೇವೆಯೇ? ನಮ್ಮ ಸಮಾಜದ ಸಂಘಸಂಸ್ಥೆಗಳು ಎಷ್ಟೋ ವಿಷಯಗಳಿಗೆ ಮನವಿಪತ್ರ ಬರೆದಿವೆ; ಇದಕ್ಕೆ ಒಂದು ಹಾಳೆಯನ್ನು ವ್ಯಯಿಸಬಾರದೇ?

ಆದರೆ ಆ ವಿಧಿಯ ಕೊನೆಯಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ. ಆಕ್ರಮಣಕ್ಕೆ ಒಳಗಾದ ದೇಶವು ತನ್ನ ವಶದಲ್ಲಿರುವ ತನ್ನದೇ ನೆಲದಲ್ಲಿ, ಅತ್ಯಗತ್ಯವಾದ ಸೈನಿಕ ಕಾರಣವಿದ್ದರೆ, ಈ ನಿಷೇಧವನ್ನು ಮೀರಬಹುದು. ಅಂದರೆ 1665ರಲ್ಲಿ ಅಲಿ ಆದಿಲ್‌ಶಾಹನು ಮಾಡಿದ್ದು ಇಂದಿನ ಅಂತರರಾಷ್ಟ್ರೀಯ ಕಾನೂನಿನ ಕಣ್ಣಿನಲ್ಲಿಯೂ ಕ್ಷಮಾರ್ಹವಾಗಬಹುದು! ಪರರ ಬಾವಿಗೆ ಮಣ್ಣು ಹಾಕಬಾರದು, ತನ್ನವರ ಬಾವಿಗೆ ಹಾಕಬಹುದು. ಕಾನೂನು ರಾಜ್ಯಗಳ ನಡುವಿನ ಒಪ್ಪಂದ. ಅದು ಅಲ್ಲಿಯವರೆಗೆ ಮಾತ್ರ ಬರಬಲ್ಲುದು. ಅಲ್ಲಿಂದ ಮುಂದೆ ಮಾತನಾಡಬೇಕಾದದ್ದು ಧರ್ಮ. ಅದು ಅಲ್ಲಿಯೇ ಮೂಕವಾದರೆ ಇನ್ನೆಲ್ಲಿ ಬಾಯಿ ತೆರೆದೀತು?

ನಾವು ಮಾಡಬೇಕಾದದ್ದು

ನಮ್ಮ ತಿಕೋಟಾ ಸೀಮೆಯ ಹೊನವಾಡದಲ್ಲಿ 1054ರ ಒಂದು ಶಾಸನವಿದೆ. ಚಾಲುಕ್ಯ ಸೋಮೇಶ್ವರನ ರಾಣಿ ಕೇತಲದೇವಿಯ ಆಡಳಿತದಲ್ಲಿ ಚಾಂಕಿರಾಜನು ಅಲ್ಲಿ ಶಾಂತಿನಾಥನಿಗಾಗಿ ತ್ರಿಭುವನತಿಲಕ ಜಿನಾಲಯವನ್ನು ಕಟ್ಟಿಸಿದುದನ್ನು ಅದು ಹೇಳುತ್ತದೆ. ಚಾಲುಕ್ಯರೂ ಚೋಳರೂ ಬಿಡುವಿಲ್ಲದೆ ಕಾದಾಡುತ್ತಿದ್ದ ಕಾಲವದು. ಅಂಥ ಕಾಲದಲ್ಲಿಯೂ ಈ ಮಣ್ಣಿನಲ್ಲಿ ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆದರು. ಕಿತ್ತದ್ದನ್ನು ಹೊಗಳುವ ಚಟ ನಮಗೆ ಅವರಿಂದ ಬಂದುದಲ್ಲ.

ಆದುದರಿಂದ ನನ್ನ ಬಿನ್ನಹ ಇಷ್ಟೇ. ಪಾಠಶಾಲೆಯಲ್ಲಿ ಅನ್ನಪಾನನಿರೋಧವನ್ನು ಕಲಿಸುವಾಗ ಎತ್ತಿನ ಉದಾಹರಣೆಯೊಡನೆ 1665ರ ಬಾವಿಗಳ ಉದಾಹರಣೆಯನ್ನೂ ಕೊಡಿ. ಯುದ್ಧದ ದಿನಗಳಲ್ಲಿ ವೈರಿಯ ನಾಡಿನ ಜನ ಹಸಿಯಲಿ, ಬಾಯಾರಲಿ ಎಂಬ ಮಾತನ್ನು ಆಡಬೇಡಿ, ಹಂಚಬೇಡಿ, ನಗಬೇಡಿ. 1977ರ ಒಡಂಬಡಿಕೆಗೆ ಭಾರತವು ಸೇರಲೆಂದು ನಮ್ಮ ಸಂಸ್ಥೆಗಳು ಕೇಳಲಿ. ಅದು ತೆರೆದಿಟ್ಟ ಬಾಗಿಲನ್ನು ನಮ್ಮ ದೇಶವು ತಾನಾಗಿ ಮುಚ್ಚಿಕೊಳ್ಳಲೆಂದೂ ಕೇಳಲಿ. ಯುದ್ಧವಿಲ್ಲದೆಯೂ ನಾವೇ ಕಸ ಸುರಿದು ಮುಚ್ಚುತ್ತಿರುವ ಹಳೆಯ ಬಾವಿಗಳು ನಮ್ಮ ಊರುಗಳಲ್ಲಿವೆ. ನಗರದ ಕೆಲವು ಬಾವಡಿಗಳ ಹೂಳನ್ನು ಈಚೆಗೆ ತೆಗೆಸಿದ್ದಾರೆ. ಹಳ್ಳಿಯ ಬಾವಿಗಳಿಗೆ ಅಂಥ ಅದೃಷ್ಟವಿಲ್ಲ. ಚಾತುರ್ಮಾಸದ ಒಂದು ಚೀಟಿಯ ಬೋಲಿಯ ಹಣದಲ್ಲಿ ಒಂದು ಬಾವಿ ತಿಳಿಯಾಗುತ್ತದೆ.

ಆ ವಿದ್ವಾಂಸರ ಪ್ರಶ್ನೆಗೆ ಕೊನೆಯ ಉತ್ತರ ಬಾಕಿಯಿದೆ. "ಅರಸನ ಜಾಗದಲ್ಲಿ ತಾವು ಇದ್ದಿದ್ದರೆ?" ನಾನು ಅವರಿಗೆ ಹೀಗೆಂದೆ: ಸ್ವಾಮೀ, ನನಗೆ ಅವನಷ್ಟು ಭಾರವಿಲ್ಲ, ಅವನಷ್ಟು ಭಯವೂ ಇಲ್ಲ. ಬಹುಶಃ ಆ ಭಯದಲ್ಲಿ ನಾನೂ ಬಾವಿ ಮುಚ್ಚಿಸಿಬಿಡುತ್ತಿದ್ದೆನೇನೋ. ಆದರೆ ಜನವರಿ 6ನೆಯ ತಾರೀಖು ಬೆಳಿಗ್ಗೆ, ವೈರಿಯ ಧೂಳು ಅಡಗಿದ ಮೇಲೆ, ಅರಸನು ಮೊದಲು ಮಾಡಬೇಕಾದದ್ದು ಏನು? ನಗಾರಿ ಬಾರಿಸುವುದೋ, ಗುದ್ದಲಿ ಹಿಡಿದು ತೊರವಿಗೆ ಹೋಗಿ ಆ ಮಣ್ಣನ್ನು ತೋಡುವುದೋ? ಅನಿವಾರ್ಯವಾದ ಪಾಪವು ಅನಿವಾರ್ಯವಾದ ಮಾತ್ರಕ್ಕೆ ಪುಣ್ಯವಾಗುವುದಿಲ್ಲ. ಅದಕ್ಕೆ ಪ್ರತಿಕ್ರಮಣವಿದೆ, ಪ್ರಾಯಶ್ಚಿತ್ತವಿದೆ; ಚಪ್ಪಾಳೆ ಇಲ್ಲ.

ಅವರು ಮೌನವಾಗಿದ್ದರು. ನನ್ನ ಕೈಗಳನ್ನು ನಾನು ನೋಡಿಕೊಂಡೆ. ಈ ಬರುವ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋದಾಗ, ಚರಗ ಚೆಲ್ಲುವ ಮೊದಲು, ನೀವೂ ಒಮ್ಮೆ ನಿಮ್ಮ ಕೈಗಳನ್ನು ನೋಡಿಕೊಳ್ಳಿರಿ.